ಏಳನೆಯ ಸ್ಲೈಡಿನ ಹೆಂಗಸು

ಸಮ್ಮೇಳನದಲ್ಲಿ ಮಾತಾಡಲು ಅವಳಿಗೆ ಸಿಕ್ಕಿದ್ದು ಹನ್ನೆರಡು ನಿಮಿಷ. ಮೂರು ವರ್ಷದ ಕೆಲಸವನ್ನು ಹನ್ನೆರಡು ನಿಮಿಷಕ್ಕೆ ಇಳಿಸುವುದೆಂದರೆ ಆನೆಯನ್ನು ಮಡಚಿ ಕೈಚೀಲಕ್ಕೆ ತುರುಕಿದ ಹಾಗೆ ಎಂದು ಅವಳ ಪ್ರೊಫೆಸರ್ ಹೇಳುತ್ತಿದ್ದರು. ಸೊಂಡಿಲೊಂದು ಹೊರಗೆ ಕಂಡರೆ ಸಾಕು, ಉಳಿದ ಆನೆಯನ್ನು ಜನ ತಾವೇ ಊಹಿಸಿಕೊಳ್ಳುತ್ತಾರೆ ಎನ್ನುವುದು ಅವರ ಸಿದ್ಧಾಂತ.

ಅವಳ ಕೆಲಸ ಜನ ನಡೆಯುವುದನ್ನು ನೋಡುವುದು. ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ನೆಲಮಹಡಿಯಲ್ಲಿ, ಒಂದು ಉದ್ದನೆಯ ಕೋಣೆ. ಈ ಗೋಡೆಯಿಂದ ಆ ಗೋಡೆಯವರೆಗೆ ಕಪ್ಪು ರಬ್ಬರಿನ ಹಾಸು. ಹಾಸಿನ ಕೆಳಗೆ, ಪಾದ ಎಲ್ಲಿ ಎಷ್ಟು ಭಾರ ಊರಿತೆಂದು ಅಳೆಯುವ ತಟ್ಟೆಗಳು. ಎರಡೂ ಬದಿಯಲ್ಲಿ ಮಂಡಿಯ ಎತ್ತರಕ್ಕೆ ಕ್ಯಾಮೆರಾಗಳು. ಬಿದ್ದು ಮೂಳೆ ಮುರಿದುಕೊಂಡವರು, ಆಪರೇಷನ್ ಆದವರು ಸೊಂಟಕ್ಕೂ ಮಂಡಿಗೂ ಕಣಕಾಲಿಗೂ ಹೊಳೆಯುವ ಚುಕ್ಕಿಗಳನ್ನು ಅಂಟಿಸಿಕೊಂಡು ಅದರ ಮೇಲೆ ಹೋಗಿ ಬರುತ್ತಿದ್ದರು. "ಇನ್ನೊಂದ್ಸಲ, ಆರಾಮಾಗಿ" ಎನ್ನುವುದೇ ಅವಳ ದಿನವಿಡೀ ಮಾತು. ರೋಗಿಗಳು ಅವಳನ್ನು ಹೆಜ್ಜೆ ಮೇಡಂ ಎಂದು ಕರೆದರು, ಹೆಸರು ಹಾಗೇ ನಿಂತಿತು. ಪ್ರೊಫೆಸರ್ ಕೂಡ ಖುಷಿಯಲ್ಲಿದ್ದಾಗ ಹಾಗೇ ಕರೆಯುತ್ತಿದ್ದರು.

ಗುರುವಾರ ಬರುತ್ತಿದ್ದವರಲ್ಲಿ ಒಬ್ಬಳು ಹೊಲಿಗೆಯಕ್ಕ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಆಕೆಗೊಂದು ಹೊಲಿಗೆ ಅಂಗಡಿಯಿತ್ತು. ವಯಸ್ಸು ಐವತ್ತು ದಾಟಿತ್ತು. ಎಡಸೊಂಟದ ಕೀಲು ಹುಟ್ಟಿನಿಂದಲೇ ಸರಿಯಿರಲಿಲ್ಲ, ಕುಂಟುತ್ತಲೇ ಬೆಳೆದವಳು. ಹೋದ ವರ್ಷ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲಮಂಡಿಗೂ ಪೆಟ್ಟಾಯಿತು. ವ್ಯಾಯಾಮ ಹೇಳಿಕೊಡುವವರು, ಬಂದದ್ದೇ ಬಂದಿದ್ದಾಳೆ, ಹಳೆಯ ಕುಂಟನ್ನೂ ತಿದ್ದಿಬಿಡೋಣ ಎಂದು ನೆಟ್ಟಗೆ ನಡೆಸಲು ಶುರುಮಾಡಿದರು. ನೆಟ್ಟಗಾದಷ್ಟೂ ಹೆಚ್ಚು ಹೆಚ್ಚು ಬೀಳತೊಡಗಿದಳು. ಆಕೆಯೊಬ್ಬಳೇ ಅಲ್ಲ, ಅಂಥವರು ಇನ್ನೂ ಹಲವರಿದ್ದರು. ಹೆಜ್ಜೆ ಮೇಡಂ ಅವರೆಲ್ಲರ ಅಳತೆ ತೆಗೆದು, ಕೂಡಿಸಿ, ಕಳೆದು, ಕೊನೆಗೆ ಕಂಡುಕೊಂಡದ್ದು ಇಷ್ಟು: ಹಳೆಯ ಕುಂಟು ತಪ್ಪಲ್ಲ, ದೇಹ ತನ್ನೊಳಗೇ ಮಾಡಿಕೊಂಡ ಒಪ್ಪಂದ. ಅದನ್ನು ಮುರಿದರೆ ಬೀಳುತ್ತಾರೆ. ಹೊಸ ಪೆಟ್ಟನ್ನಷ್ಟೇ ವಾಸಿಮಾಡಿ, ಹಳೆಯದನ್ನು ಅದರ ಪಾಡಿಗೆ ಬಿಡಬೇಕು.

ಇದನ್ನು ಕೇಳಿ ಹೊಲಿಗೆಯಕ್ಕನಿಗೆ ಏನೂ ಸಂತೋಷವಾಗಲಿಲ್ಲ.

"ಅಂದ್ರೆ ನೆಟ್ಟಗೆ ಮಾಡಲ್ವಾ?"

"ಮಾಡಿದ್ರೆ ಬೀಳ್ತೀರಿ ಅಕ್ಕಾ."

"ಇಷ್ಟು ವರ್ಷಕ್ಕೆ ಒಂದು ಸಲ ನೆಟ್ಟಗೆ ನಡೆಯೋಣ ಅಂದ್ಕೊಂಡಿದ್ದೆ. ಹೋಗ್ಲಿ ಬಿಡಿ" ಎಂದು ಚಪ್ಪಲಿ ಹಾಕಿಕೊಂಡು ಹೊರಟಳು.

ಆಕೆಯ ನಡಿಗೆಯಲ್ಲಿ ಒಂದು ಶಿಸ್ತು ಇತ್ತು. ಎಡಗಾಲು ಎತ್ತುವ ಮೊದಲು, ನೀರಿನ ಆಳ ನೋಡುವವರ ಹಾಗೆ ಒಂದು ಕ್ಷಣ ತಡೆಯುತ್ತಿದ್ದಳು. ಆಮೇಲೆ ಬಲಭುಜ ಮೇಲೇಳುತ್ತಿತ್ತು. ಕಾಲು ಹೊರಗಿನಿಂದ ಒಂದು ಸಣ್ಣ ಅರ್ಧಚಂದ್ರ ಬರೆದು ಮುಂದೆ ಬಂದು ಕೂರುತ್ತಿತ್ತು. ಹಿಮ್ಮಡಿ ನೆಲ ಮುಟ್ಟಿದ ಕೂಡಲೇ ಗದ್ದ ಚೂರು ಕೆಳಗಿಳಿಯುತ್ತಿತ್ತು, "ಆಯ್ತು" ಅಂದ ಹಾಗೆ. ಸಂಶೋಧನೆಯ ಇಡೀ ಮಾತು ಆ ಒಂದು ಹೆಜ್ಜೆಯಲ್ಲಿ ಕಾಣುತ್ತಿತ್ತು. ಹಾಗಾಗಿ ಆಕೆಯ ವಿಡಿಯೋ ಏಳನೆಯ ಸ್ಲೈಡಾಯಿತು. ನಿಯಮದ ಪ್ರಕಾರ ಮುಖವನ್ನು ಬೂದು ಮಸಿ ಬಳಿದಂತೆ ಅಳಿಸಿ, ಮೇಲೆ "ಭಾಗಿ ೧೪" ಎಂದು ಬರೆದರು. ಒಪ್ಪಿಗೆ ಕೇಳಿದಾಗ ಹೊಲಿಗೆಯಕ್ಕ, "ಮುಖ ಕಂಡ್ರೂ ಏನು, ನನ್ನ ಮುಖ ನೋಡಿ ಯಾರು ಏನು ಮಾಡ್ತಾರೆ?" ಎಂದು ನಕ್ಕು ಸಹಿ ಹಾಕಿದ್ದಳು.

ಹೊರಡುವ ಹಿಂದಿನ ಭಾನುವಾರ ಹೆಜ್ಜೆ ಮೇಡಂ ಮನೆಯಲ್ಲಿ ಅಪ್ಪನನ್ನು ಸೋಫಾದ ಮೇಲೆ ಕೂರಿಸಿ, ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲಿಟ್ಟು ತಾಲೀಮು ಮಾಡಿದಳು. ಅಪ್ಪ ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಸಮಯ ಹೇಳಿಯೇ ನಿವೃತ್ತರಾದವರು. ಮೂರನೆಯ ಸ್ಲೈಡಿಗೆ ಕೈಯೆತ್ತಿದರು.

"ನಿಲ್ಲಿಸು. ಎಲ್ಲಿಗೆ ಹೋಗ್ತಿದ್ದೀಯ ಅಂತ ನನಗಿನ್ನೂ ಗೊತ್ತಾಗಿಲ್ಲ."

"ಅದು ಒಂಬತ್ತನೇ ಸ್ಲೈಡಲ್ಲಿ ಬರುತ್ತಪ್ಪ."

"ಗಾಡಿ ಬರೋಕೆ ಮುಂಚೆ ಪ್ಲಾಟ್‌ಫಾರಂ ಹೇಳ್ಬೇಕು. ಬಂದು ನಿಂತ ಮೇಲೆ ಹೇಳಿದ್ರೆ ಜನ ಒಬ್ಬರ ಮೇಲೊಬ್ಬರು ಬಿದ್ದು ಓಡ್ತಾರೆ."

ಅವಳು ಒಂಬತ್ತನೆಯದನ್ನು ಎರಡನೆಯದಾಗಿ ಮಾಡಿದಳು. ಏಳನೆಯದು ಏಳನೆಯದಾಗಿಯೇ ಉಳಿಯಲೆಂದು ಮತ್ತೆರಡನ್ನು ಒಂದುಗೂಡಿಸಿದಳು. ಎರಡನೆಯ ಸುತ್ತಿನ ಹೊತ್ತಿಗೆ ಅಪ್ಪ ಕೂತಲ್ಲೇ ನಿದ್ದೆಹೋಗಿದ್ದರು.

ಸಮ್ಮೇಳನ ನಡೆದದ್ದು ಬೇರೊಂದು ನಗರದ ದೊಡ್ಡ ಕಟ್ಟಡದಲ್ಲಿ. ಕಾಲಿಟ್ಟರೆ ಸದ್ದಾಗದ ಜಮಖಾನೆ, ಹಲ್ಲು ಕಟಕಟಿಸುವ ಏಸಿ, ಎಲ್ಲರ ಕೊರಳಲ್ಲೂ ದಾರ ಕಟ್ಟಿದ ಚೀಟಿ. ಬೆಳಗಿನ ಗೋಷ್ಠಿಯಲ್ಲಿ ಒಬ್ಬ ಎಂಜಿನಿಯರ್ ತಾನು ಮಾಡಿದ ಕೃತಕ ಮಂಡಿಯ ಬಗ್ಗೆ ಮಾತಾಡಿದ. ಹೆಜ್ಜೆ ಮೇಡಂ ತನ್ನ ಭಾಷಣದ ಭಯದಲ್ಲಿ ಅದನ್ನು ಅರೆಬರೆ ಕೇಳಿಸಿಕೊಂಡಳು. ಅವಳ ಸರದಿ ಬಂದದ್ದು ಮಧ್ಯಾಹ್ನದ ಊಟವಾದ ಮೇಲೆ. ಆ ಹೊತ್ತಿನಲ್ಲಿ ಮಾತಾಡುವವರು ಮಾಡುವುದು ಲಾಲಿ ಹಾಡುವ ಕೆಲಸ ಎಂದು ಪ್ರೊಫೆಸರ್ ಮೊದಲೇ ಎಚ್ಚರಿಸಿದ್ದರು.

ಅವಳು ಚೆನ್ನಾಗಿಯೇ ಮಾತಾಡಿದಳು. ಏಳನೆಯ ಸ್ಲೈಡು ಬಂತು. ತೆರೆಯ ಮೇಲೆ ಹೊಲಿಗೆಯಕ್ಕ ಆಳೆತ್ತರಕ್ಕೆ ಮೂಡಿ, ಎಡದಿಂದ ಬಲಕ್ಕೆ ನಡೆದಳು. ಮೂರನೆಯ ಸಾಲಿನಲ್ಲಿ ಯಾರೋ ಅರ್ಧ ಎದ್ದು ಮತ್ತೆ ಕೂತದ್ದು ಅವಳ ಕಣ್ಣಿಗೆ ಬಿತ್ತು. ಭಾಷಣ ಮುಗಿದು, ಅಧ್ಯಕ್ಷರು ಪ್ರಶ್ನೆಗಳಿವೆಯೇ ಎಂದು ಕೇಳಿದರು. ಹಿರಿಯ ವೈದ್ಯರೊಬ್ಬರು ಅಂಕಿಸಂಖ್ಯೆಯ ಬಗ್ಗೆ ಏನೋ ಕೊಕ್ಕೆ ತೆಗೆದರು. ಅವಳು ಉತ್ತರ ಕೊಟ್ಟಳು. ಆಮೇಲೆ ಮೈಕು ಮೂರನೆಯ ಸಾಲಿಗೆ ಹೋಯಿತು. ಅದನ್ನು ತೆಗೆದುಕೊಂಡವನು ಬೆಳಗಿನ ಮಂಡಿ ಎಂಜಿನಿಯರ್.

"ಏಳನೇ ಸ್ಲೈಡ್ ಇನ್ನೊಂದ್ಸಲ ಹಾಕ್ತೀರಾ?"

ಅವಳು ಹಾಕಿದಳು. ಹೊಲಿಗೆಯಕ್ಕ ಮತ್ತೊಮ್ಮೆ ನಡೆದಳು. ಎಂಜಿನಿಯರ್ ಮೈಕು ಹಿಡಿದುಕೊಂಡು ನಿಂತೇ ಇದ್ದ.

"ನಿಮ್ಮ ಪ್ರಶ್ನೆ?" ಎಂದರು ಅಧ್ಯಕ್ಷರು.

"ಇವರು… ಇವರು ಚೆನ್ನಾಗಿದ್ದಾರಾ?"

ಸಭೆ ನಕ್ಕಿತು. ಊಟದ ಮಂಪರು ಹರಿಯಿತು. ಇದು ತಮಾಷೆಯೋ ಪ್ರಶ್ನೆಯೋ ತಿಳಿಯದೆ ಹೆಜ್ಜೆ ಮೇಡಂ, "ಹಳೆಯ ನಡಿಗೆಗೆ ಬಿಟ್ಟ ಮೇಲೆ ಒಂದು ಸಲಾನೂ ಬಿದ್ದಿಲ್ಲ" ಎಂದಳು. ಆತ ತಲೆಯಾಡಿಸಿ ಕೂತ. ಚಪ್ಪಾಳೆಯಾಯಿತು. ಮುಂದಿನವರು ವೇದಿಕೆ ಹತ್ತಿದರು.

ಕಾಫಿಯ ಬಿಡುವಿನಲ್ಲಿ ಆತ ಓಣಿಯಂಥ ಹೊರಮೊಗಸಾಲೆಯಲ್ಲಿ ಅವಳನ್ನು ಹುಡುಕಿಕೊಂಡು ಬಂದ. ನಲವತ್ತೆರಡು ನಲವತ್ತಮೂರರ ಆಸುಪಾಸು, ಮುಂದಲೆ ಬೋಳಾಗಿತ್ತು, ಕೋಟು ಹಾಕಿದ್ದ.

"ಎಡಸೊಂಟ. ಹುಟ್ಟಿನಿಂದ. ಅಲ್ವಾ?"

"ರೋಗಿಗಳ ವಿಷಯ ನಾನು ಹೇಳೋ ಹಾಗಿಲ್ಲ. ನಿಮಗೂ ಗೊತ್ತಿರುತ್ತೆ."

"ಗೊತ್ತು. ನೀವೇನೂ ಹೇಳ್ಬೇಡಿ. ಇದನ್ನ ಒಂದು ನಿಮಿಷ ಹಿಡ್ಕೊಳಿ" ಎಂದು ಕಾಫಿಯ ಲೋಟವನ್ನು ಅವಳ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಡೆಯತೊಡಗಿದ.

ಮೊದಲ ಎರಡು ಹೆಜ್ಜೆ ಎಲ್ಲರ ಹಾಗೇ ಇದ್ದವು. ಮೂರನೆಯದಕ್ಕೆ ಮುಂಚೆ ತಡೆದ. ಬಲಭುಜ ಮೇಲೆದ್ದಿತು. ಎಡಗಾಲು ಹೊರಗಿನಿಂದ ಬಳಸಿ ಬಂದು ಕೂತಿತು. ಗದ್ದ ಇಳಿಯಿತು. ಮತ್ತೆ ತಡೆದ. ಕಾಫಿ ಕುಡಿಯುತ್ತ ನಿಂತಿದ್ದವರು ದಾರಿ ಬಿಟ್ಟು, ಪಾಪ ಯಾರಿಗೋ ಸೊಂಟ ಹಿಡಿದಿದೆ ಎಂಬಂತೆ ನೋಡಿದರು. ಆತ ಆ ತುದಿಯವರೆಗೆ ಹೋಗಿ, ಹಾಗೇ ನಡೆದು ವಾಪಸು ಬಂದ.

ಹೆಜ್ಜೆ ಮೇಡಂ ಸಾವಿರಾರು ಜನರ ನಡಿಗೆ ನೋಡಿದವಳು. ಕುಂಟಿನ ನಟನೆ ಮಾಡುವವರನ್ನೂ ನೋಡಿದ್ದಳು. ಅವರು ಕಾಲನ್ನು ಎಳೆಯುತ್ತಾರೆಯೇ ಹೊರತು ತಡೆಯುವುದಿಲ್ಲ. ಇದು ನಟನೆಯಾಗಿರಲಿಲ್ಲ. ಎರಡು ಲೋಟಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಮುಖದಲ್ಲಿ ಏನೂ ತೋರಬಾರದೆಂದು ಆದಷ್ಟು ಪ್ರಯತ್ನಪಟ್ಟಳು.

"ನಮ್ಮಕ್ಕ" ಎಂದ ಎಂಜಿನಿಯರ್. ಸ್ವಲ್ಪ ಏದುಸಿರು ಬಂದಿತ್ತು. "ನಾನು ನಡೆಯೋಕೆ ಕಲ್ತಿದ್ದೇ ಅವಳ ಹಿಂದೆ. ಅಮ್ಮ ಇರಲಿಲ್ಲ, ಎತ್ತಿ ಆಡಿಸಿದ್ದು ಅವಳೇ. ಸ್ಕೂಲಿಗೆ ಸೇರೋವರೆಗೂ ನಾನು ಹೀಗೇ ನಡೀತಿದ್ದೆ. ಇವನಿಗೂ ಸೊಂಟ ಹೋಗಿದೆ ಅಂತ ಅಪ್ಪ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಅವರು ಮುಟ್ಟಿ ನೋಡಿ, ಓಡ್ಸಿ ನೋಡಿ, 'ಇದು ಕುಂಟಲ್ಲ, ನಕಲು' ಅಂದ್ರು. ಬೀದೀಲೆಲ್ಲ ನನ್ನ ಹೆಸರೇ ಬಾಲ. ಅವಳ ಬಾಲ."

"ಈಗ ಅವರು…?"

"ಇಪ್ಪತ್ತೆರಡು ವರ್ಷ ಆಯ್ತು ನೋಡಿ. ಎಲ್ಲಿದ್ದಾಳೆ ಅಂತ ಗೊತ್ತಿಲ್ಲ. ತಪ್ಪು ನನ್ನದು. ಏನು ಅಂತ ಹೇಳೋದಾದ್ರೆ ಅವಳೇ ಹೇಳ್ಲಿ." ಲೋಟವನ್ನು ವಾಪಸು ಇಸಿದುಕೊಂಡ. "ಊರು ಬೇಡ, ಹೆಸರು ಬೇಡ. ಬಾಲ ಸಿಕ್ಕಿದ್ದ ಅಂತ ಹೇಳಿ, ಸಾಕು. ಹೇಳ್ಬೇಕು ಅನ್ನಿಸಿದ್ರೆ."

ಆತ ತನ್ನ ಫೋನ್ ನಂಬರನ್ನು ಅವಳ ಕೊರಳ ಚೀಟಿಯ ಹಿಂದೆ ಬರೆದುಕೊಟ್ಟು ಜನರ ನಡುವೆ ಮರೆಯಾದ.

ಹೆಜ್ಜೆ ಮೇಡಂ ನೇರ ಪ್ರೊಫೆಸರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಅವರು ಬಿಸ್ಕತ್ತು ಕಚ್ಚುವುದನ್ನು ನಿಲ್ಲಿಸಿದರು.

"ನೀನು ಬಾಯಿ ಬಿಟ್ಟಿಲ್ಲ ತಾನೇ?"

"ಇಲ್ಲ ಸಾರ್."

"ಬಾಯಿ ಬಿಟ್ಟಿರಲ್ಲ, ಮುಖ ಬಿಟ್ಟಿರುತ್ತೆ. ಆಯ್ತು, ಇದನ್ನ ಇಲ್ಲಿಗೇ ಬಿಡು."

"ಬಿಡೋಕಾಗಲ್ಲ ಸಾರ್. ಸಾಯಂಕಾಲಕ್ಕೆ ಎಲ್ಲರ ಭಾಷಣದ ವಿಡಿಯೋ, ಸ್ಲೈಡು ಎರಡನ್ನೂ ವೆಬ್‌ಸೈಟಿಗೆ ಹಾಕ್ತಾರೆ. ನಮ್ಮದನ್ನ ವಿಡಿಯೋ ಸಮೇತ ಕೊಟ್ಟಿದ್ದೀವಿ. ಏಳನೇದನ್ನ ತೆಗೆಸ್ಬೇಕು."

"ಒಬ್ಬ ತಮ್ಮ ತನ್ನ ಅಕ್ಕನ್ನ ಗುರುತು ಹಿಡಿದ. ಅದರಲ್ಲೇನಿದೆ? ಒಡಹುಟ್ಟಿದವನು, ಹಿಡೀತಾನೆ."

"ತಮ್ಮ ಹಿಡಿದ ಮೇಲೆ ಗಂಡ ಹಿಡೀತಾನೆ, ಅತ್ತೆ ಹಿಡೀತಾಳೆ, ಪಕ್ಕದ ಮನೆಯವರು ಹಿಡೀತಾರೆ. ಮುಖ ಮುಚ್ಚಿದ್ದೀವಿ, ಯಾರಿಗೂ ಗೊತ್ತಾಗಲ್ಲ ಅಂತ ರೋಗಿಗಳೆಲ್ಲರಿಗೂ ಮಾತು ಕೊಟ್ಟಿದ್ದೀವಿ ಸಾರ್. ಮುಚ್ಚಬೇಕಾದ್ದನ್ನ ಬಿಟ್ಟು ಬೇರೇನೋ ಮುಚ್ಚಿದ್ದೀವಿ."

"ಏಳನೇದಿಲ್ಲದೆ ಇದ್ದರೆ ಉಪ್ಪಿಲ್ಲದ ಊಟ ಕಣಮ್ಮ. ನಾಳೆ ನಮ್ಮ ಕೆಲಸ ನೋಡೋಕೆ ಬರೋರು ಏನು ನೋಡ್ತಾರೆ?"

ಅವಳು ಕೆಳಗಿಳಿದು, ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಸಂಘಟಕರಿಗೆ ಹೇಳಿ ತನ್ನ ಸ್ಲೈಡುಗಳನ್ನೂ ಭಾಷಣದ ವಿಡಿಯೋವನ್ನೂ ವಾಪಸು ತೆಗೆದುಕೊಂಡಳು. ಅದು ಎರಡು ನಿಮಿಷದ ಕೆಲಸವಾಗಿತ್ತು. ಊರಿಗೆ ಮರಳುವ ರೈಲಿನಲ್ಲಿ ಪ್ರೊಫೆಸರ್ ಪೇಪರನ್ನು ಗೋಡೆಯ ಹಾಗೆ ಎತ್ತಿ ಹಿಡಿದು, ಜಾಹೀರಾತನ್ನೂ ಬಿಡದೆ ಓದಿದರು. ಇಳಿಯುವಾಗ ಮಾತ್ರ, "ಆಸ್ಪತ್ರೆಯ ನೀತಿ ಸಮಿತಿಗೆ ಹೇಳಿಬಿಡು. ಆಮೇಲೆ ನನ್ನ ತಲೆಗೆ ಬರೋದು ಬೇಡ" ಎಂದರು.

ಸಮಿತಿಯವರು ಒಂದು ಮಧ್ಯಾಹ್ನ ಕೂತು ಚರ್ಚಿಸಿ ಹೇಳಿದರು: ಗುರುತು ಸಿಕ್ಕಿತೆಂಬುದನ್ನು ತಿಳಿಯುವ ಹಕ್ಕು ಆಕೆಗಿದೆ. ಹೇಳಿ, ಆದರೆ ಮುಂದೇನು ಎಂಬುದನ್ನು ಆಕೆಗೇ ಬಿಡಿ, ಆ ಕಡೆಗೂ ಈ ಕಡೆಗೂ ಜಗ್ಗಬೇಡಿ.

ಗುರುವಾರ ಹೊಲಿಗೆಯಕ್ಕ ಬಂದಳು. ನಡೆದಾಯಿತು. ಬೆಂಚಿನ ಮೇಲೆ ಕೂತು ಮಂಡಿಯ ಚುಕ್ಕಿಗಳನ್ನು ಕೀಳುತ್ತಿದ್ದಾಗ ಹೆಜ್ಜೆ ಮೇಡಂ ಪಕ್ಕದಲ್ಲಿ ಕೂತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಹೊಲಿಗೆಯಕ್ಕ ಮೊದಲು ಕೇಳಿದ್ದು, "ಎಷ್ಟು ಜನ ಇದ್ರು ಅಲ್ಲಿ?"

"ಇನ್ನೂರು ಇರಬಹುದು."

"ಅಷ್ಟು ಜನ ನೋಡಿದ್ರಾ? ಯಾವ ಬಟ್ಟೆ ಹಾಕಿದ್ದೆ ನಾನು?"

"ನೀಲಿ."

"ಅಯ್ಯೋ, ಅದರ ಅಂಚು ಬಿಚ್ಚಿತ್ತು." ಕಿತ್ತ ಚುಕ್ಕಿಯೊಂದನ್ನು ಹೆಬ್ಬೆರಳ ಉಗುರಿಗೆ ಅಂಟಿಸಿ ನೋಡಿದಳು. "ಬಾಲ ಅಂತಾನೇ ಅಂದನಾ?" ಎಂದಳು.

"ಹೂಂ."

"ನಡೆದು ತೋರಿಸಿದ್ನಾ? ಅಷ್ಟು ದೊಡ್ಡೋರ ಮಧ್ಯೆ?"

"ಹೂಂ. ತಪ್ಪು ತನ್ನದು ಅಂದ್ರು. ಏನು ಅಂತ ಹೇಳಲಿಲ್ಲ."

ಹೊಲಿಗೆಯಕ್ಕ ಹೇಳಿದಳು. ದನಿಯೇನೂ ಏರಲಿಲ್ಲ, ಬಟ್ಟೆಯ ಅಳತೆ ಹೇಳಿದ ಹಾಗೆ ಹೇಳಿದಳು. "ನಾನು ಇವರನ್ನ ಮದುವೆ ಆಗ್ತೀನಿ ಅಂತ ಮನೆಗೆ ಕರ್ಕೊಂಡು ಬಂದೆ. ಇವರು ಬಸ್ ಡ್ರೈವರು. ಅಪ್ಪ ತೀರಿಕೊಂಡಿದ್ರು, ಮನೇಲಿ ಅವನೇ ಗಂಡಸು, ಮೀಸೆ ಆಗ ತಾನೇ ಬಂದಿತ್ತು. ಒಳಗೆ ಬಿಡಲಿಲ್ಲ. ಬಾಗಿಲಿಗೆ ಅಡ್ಡ ನಿಂತ್ಕೊಂಡು ಇವರಿಗಂದ, 'ಹೋಗಿ ಹೋಗಿ ಒಬ್ಬ ಕುಂಟೀನ ಹುಡುಕ್ಕೊಂಡು ಬಂದಿದ್ದೀಯಲ್ಲ, ನಿನಗೆ ಬೇರೆ ಗತಿ ಇಲ್ವಾ?' ಇವರಿಗೆ ಅನ್ನೋಕೆ ಹೋಗಿ ನನಗಂದ. ಲೋಕ ಎಲ್ಲ ಅಂತಿತ್ತು ಮೇಡಂ. ಅವನೊಬ್ಬ ಅಂದಿರಲಿಲ್ಲ."

ಚುಕ್ಕಿಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಹೆಜ್ಜೆ ಮೇಡಂ ಡಬ್ಬಿಯನ್ನು ಕಪಾಟಿಗಿಟ್ಟಳು. ಸಮಿತಿಯ ಮಾತು ನೆನಪಿತ್ತು.

"ಒಂದು ಮಾತು" ಎಂದಳು ಹೊಲಿಗೆಯಕ್ಕ. "ಅವನು ನನ್ನ ನೋಡಿದ, ಅದೂ ಎರಡೆರಡು ಸಲ. ನಾನು ಅವನ್ನ ನೋಡಿಲ್ಲ. ಇದ್ಯಾವ ನ್ಯಾಯ?"

ಎಂಜಿನಿಯರನ ಭಾಷಣದ ವಿಡಿಯೋ ಸಮ್ಮೇಳನದ ವೆಬ್‌ಸೈಟಿನಲ್ಲಿ ಇತ್ತು. ಅದನ್ನು ಯಾರು ಬೇಕಾದರೂ ನೋಡಬಹುದಿತ್ತು. ಹೆಜ್ಜೆ ಮೇಡಂ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿದಳು.

ತೆರೆಯ ಮೇಲೆ ಎಂಜಿನಿಯರ್ ಕಟಕಟೆಯಂಥ ಮೇಜಿನ ಹಿಂದೆ ನಿಂತು ಮಾತಾಡುತ್ತಿದ್ದ. ಹಿಂದುಗಡೆ ಒಂದರ ಹಿಂದೊಂದು ನಕ್ಷೆಗಳು ಬಂದುಹೋದವು. ಹೊಲಿಗೆಯಕ್ಕ ನಕ್ಷೆಗಳ ಕಡೆ ನೋಡಲೇ ಇಲ್ಲ.

"ಕೂದಲೆಲ್ಲ ಹೋಗಿದೆ" ಎಂದಳು. ಇನ್ನು ಸ್ವಲ್ಪ ಹೊತ್ತಿಗೆ, "ಅಪ್ಪನ ಹಾಗೇ ಸೊಂಟದ ಮೇಲೆ ಕೈ ಇಟ್ಕೋತಾನೆ." ಮತ್ತೆ, "ಆ ಕೋಟು ಯಾವ ಪುಣ್ಯಾತ್ಮ ಹೊಲಿದನೋ. ಕೈ ಎತ್ತಿದ್ರೆ ಬೆನ್ನೆಲ್ಲ ಎದ್ದು ಬರ್ತಿದೆ. ಏನಂತೆ ಅವನು ಹೇಳ್ತಿರೋದು?"

"ಮೆಟ್ಟಿಲು ಇಳಿಯುವಾಗ ತಾನಾಗೇ ಬಿಗಿ ಹಿಡಿಯೋ ಮಂಡಿ ಮಾಡಿದ್ದಾರೆ. ಕಾಲು ಕಳ್ಕೊಂಡೋರಿಗೆ."

"ಚೆನ್ನಾಗಿ ಮಾಡಿದ್ದಾನಾ?"

"ಚೆನ್ನಾಗಿದೆ ಅಂತ ಎಲ್ಲರೂ ಅಂದ್ರು."

"ಹೂಂ" ಎಂದಳು. ಕೊನೆಯ ಸ್ಲೈಡಿನಲ್ಲಿ ಧನ್ಯವಾದಗಳಿದ್ದವು. ಬಹಳ ಹೆಸರುಗಳಿದ್ದವು, ಆಕೆಯದಿರಲಿಲ್ಲ, ಆಕೆ ಹುಡುಕಲೂ ಇಲ್ಲ. ಭಾಷಣ ಮುಗಿಸಿ ಎಂಜಿನಿಯರ್ ಮೇಜಿನ ಹಿಂದಿನಿಂದ ಹೊರಬಂದು, ವೇದಿಕೆಯ ಅಂಚಿನವರೆಗೆ ನಾಲ್ಕು ಹೆಜ್ಜೆ ನಡೆದು ಇಳಿದುಹೋದ.

"ಅದನ್ನ ಮತ್ತೆ ಹಾಕಿ. ನಡೆಯೋದನ್ನ."

ಆ ನಾಲ್ಕು ಹೆಜ್ಜೆಗಳನ್ನು ಮೂರು ಸಲ ನೋಡಿದಳು.

"ನೆಟ್ಟಗೆ ನಡೀತಾನೆ" ಎಂದಳು. ಅದು ಸಂತೋಷವೋ ಬೇಸರವೋ ಹೆಜ್ಜೆ ಮೇಡಂಗೆ ತಿಳಿಯಲಿಲ್ಲ. ಹೊಲಿಗೆಯಕ್ಕ ಚೀಲ ಹೆಗಲಿಗೆ ಹಾಕಿಕೊಂಡು, ಯೋಚನೆ ಮಾಡ್ತೀನಿ ಎಂದು ಹೋದಳು.

ಮುಂದಿನ ಗುರುವಾರ ಬಂದಳು, ನಡೆದಳು, ಆ ವಿಷಯ ಎತ್ತಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಹೆಜ್ಜೆ ಮೇಡಂ ಕೇಳಲಿಲ್ಲ. ಎಂಜಿನಿಯರನಿಗೂ ಫೋನ್ ಮಾಡಲಿಲ್ಲ. ಆತನೂ ಪ್ರಯೋಗಾಲಯದ ವಿಳಾಸ ಹುಡುಕಿ ಬರಬಹುದಿತ್ತು, ಆಸ್ಪತ್ರೆಯ ಹೆಸರು ಮೊದಲ ಸ್ಲೈಡಿನಲ್ಲೇ ಇತ್ತು, ಬರಲಿಲ್ಲ. ಅದನ್ನು ಅವಳು ಆತನ ಪರವಾಗಿ ಮನಸ್ಸಿನಲ್ಲಿ ಬರೆದುಕೊಂಡಳು.

ಒಂದು ದಿನ ಹೊಲಿಗೆಯಕ್ಕ ಬಾಗಿಲಲ್ಲೇ ನಿಂತು ಹೇಳಿದಳು: "ಬರೋಕೆ ಹೇಳಿ. ಮನೆಗಲ್ಲ, ಇಲ್ಲಿಗೆ. ಇಲ್ಲಾದ್ರೆ ಬೇಡ ಅನ್ನಿಸಿದ್ರೆ ನಾನು ಎದ್ದು ಹೋಗಬಹುದು. ಮನೇಲಾದ್ರೆ ಎದ್ದು ಎಲ್ಲಿಗೆ ಹೋಗ್ಲಿ?"

ಹೆಜ್ಜೆ ಮೇಡಂ ಚೀಟಿಯ ಹಿಂದಿನ ನಂಬರಿಗೆ ಫೋನ್ ಮಾಡಿದಳು. ಆತ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಊರುಗೋಲಿನವರ ನಡುವೆ ಕೂತ. ತಮ್ಮ ಹೊರಗೆ ಕೂತಿದ್ದಾನೆಂದು ಗೊತ್ತಿದ್ದೂ ಹೊಲಿಗೆಯಕ್ಕ ಅವತ್ತಿನ ನಡಿಗೆಯನ್ನು ಒಂದು ಸುತ್ತೂ ಬಿಡದೆ ಮುಗಿಸಿದಳು. ಆಮೇಲೆ ಮುಖ ತೊಳೆದು ಬಂದು ಬೆಂಚಿನ ಮೇಲೆ ಕೂತು, "ಕರೀರಿ" ಎಂದಳು. ಹೆಜ್ಜೆ ಮೇಡಂ ಕ್ಯಾಮೆರಾಗಳ ಮುಖ್ಯ ಸ್ವಿಚ್ಚನ್ನು ಆರಿಸಿದಳು. ಆ ಕೋಣೆಯಲ್ಲಿ ಯಾರು ನಡೆದರೂ ಅವು ತಾವಾಗಿ ಚಿತ್ರ ತೆಗೆಯುತ್ತಿದ್ದವು. ಎಂಜಿನಿಯರನನ್ನು ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡಳು.

ಒಂದು ಸಲ ಹೊಲಿಗೆಯಕ್ಕನ ದನಿ ಜೋರಾಯಿತು. ಒಂದು ಸಲ ಯಾರೋ ಮೂಗು ಸೀದಿಕೊಂಡರು. ಹೆಜ್ಜೆ ಮೇಡಂ ಹೊರಗೆ ನಿಂತು ಗೋಡೆಯ ಮೇಲಿನ ಸೂಚನೆಗಳನ್ನು ಓದಿದಳು, ಅವನ್ನು ಬರೆಸಿದವಳು ತಾನೇ ಆಗಿದ್ದರೂ.

ಆತ ಹೋದ ಮೇಲೆ ಅವಳು, "ಹೇಗಾಯ್ತು ಅಕ್ಕಾ?" ಎಂದು ಕೇಳಿದಳು.

"ಬಂದ ಕೂಡಲೇ ತನ್ನ ಮಂಡಿ, ಕೀಲುಗಳ ಅಂಗಡಿ ತೆರೆದ. ಸೊಂಟಕ್ಕೆ ಹೊಸ ಕೀಲು ಹಾಕಿಸ್ತೀನಿ, ಒಳ್ಳೇ ಡಾಕ್ಟ್ರು ಗೊತ್ತಿದ್ದಾರೆ ಅಂದ. ಕ್ಷಮಿಸು ಅನ್ನೋಕೆ ಬಾಯಿ ಬರದೆ ಇದ್ದಾಗ ಮನುಷ್ಯ ಏನೇನೋ ಮಾತಾಡ್ತಾನೆ. ಬೈದೆ. ಆಮೇಲೆ ಅತ್ತ."

"ನೀವು?"

"ನಾನ್ಯಾಕೆ ಅಳ್ಲಿ?" ಎಂದಳು ಹೊಲಿಗೆಯಕ್ಕ. ಕಣ್ಣು ಕೆಂಪಗಿದ್ದವು.

ಇತ್ತ ಹೆಜ್ಜೆ ಮೇಡಂ ಆ ಏಳನೆಯ ಸ್ಲೈಡಿನ ಬೆನ್ನು ಹತ್ತಿದಳು. ಮುಖವಷ್ಟೇ ಅಲ್ಲ, ಮೈಯನ್ನೂ ಅಳಿಸಿ, ಬರಿಯ ಹೊಳೆಯುವ ಚುಕ್ಕಿಗಳು ಕತ್ತಲಲ್ಲಿ ನಡೆಯುವಂತೆ ಮಾಡಿ, ಆ ಚುಕ್ಕಿಗಳನ್ನು ರೋಗಿಗಳ ಒಪ್ಪಿಗೆ ಪಡೆದು ಅವರವರ ಮನೆಯವರಿಗೆ ತೋರಿಸಿದಳು. ಹೆಚ್ಚಿನವರು ತಮ್ಮವರನ್ನು ಎರಡು ಮೂರು ಹೆಜ್ಜೆಯಲ್ಲೇ ಹಿಡಿದರು. ಒಬ್ಬ ಅಜ್ಜಿಯಂತೂ ಚುಕ್ಕಿಗಳು ನಿಂತಿದ್ದಾಗಲೇ, "ಇವನು ನಮ್ಮ ಎರಡನೆಯವನು, ಸೋಮಾರಿ" ಎಂದಳು. ಮುಖ ಮಸುಕು ಮಾಡಿದರೆ ಗುರುತು ಅಳಿಯುತ್ತದೆ ಎಂಬ ಭರವಸೆಯನ್ನು ಆಸ್ಪತ್ರೆ ತನ್ನ ಒಪ್ಪಿಗೆ ಪತ್ರದಿಂದ ತೆಗೆದುಹಾಕಿತು. ಪ್ರೊಫೆಸರ್ ಮೊದಮೊದಲು ಇದನ್ನು ತಲೆಹರಟೆ ಎಂದರು. ಫಲಿತಾಂಶ ಬಂದ ಮೇಲೆ ಎರಡು ಕಡೆ ವಾಕ್ಯ ತಿದ್ದಿಕೊಟ್ಟು, ಮುಂದಿನ ವರ್ಷದ ಸಮ್ಮೇಳನದಲ್ಲಿ ತಾವೇ ಎದ್ದು ನಿಂತು, "ನಮ್ಮ ಪ್ರಯೋಗಾಲಯಕ್ಕೆ ಮೊದಲಿಂದಲೂ ಈ ಅನುಮಾನವಿತ್ತು" ಎಂದು ಅವಳನ್ನು ಪರಿಚಯಿಸಿದರು. ಅವಳು ತಕರಾರು ಮಾಡಲಿಲ್ಲ. ಈ ಸಲ ಇಪ್ಪತ್ತು ನಿಮಿಷ ಕೊಟ್ಟಿದ್ದರು.

ಎಂಜಿನಿಯರ್ ಅಕ್ಕನ ಮನೆಗೆ ಹೋದದ್ದು ಮೂರನೆಯ ಭೇಟಿಯಲ್ಲಿ. ಅದನ್ನು ಹೊಲಿಗೆಯಕ್ಕನೇ ಹೆಜ್ಜೆ ಮೇಡಂಗೆ ಹೇಳಿದಳು. ಬಾಗಿಲು ತೆಗೆದವರು ಆಕೆಯ ಗಂಡ. ಡ್ಯೂಟಿಯಿಂದ ಆಗ ತಾನೇ ಬಂದು ಇನ್ನೂ ಖಾಕಿ ಬಿಚ್ಚಿರಲಿಲ್ಲ. ಎಂಜಿನಿಯರ್ ಹೊಸ್ತಿಲ ಹೊರಗೆ ನಿಂತ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದನಂತೆ. ಸಾವಿರ ಜನರೆದುರು ಸ್ಲೈಡು ತೋರಿಸಿ ಮಾತಾಡುವವನಿಗೆ ಒಂದು ಪದವೂ ಹೊರಡಲಿಲ್ಲ. ಭಾವ ಆತನನ್ನು ಮೇಲಿಂದ ಕೆಳಗೆ ನೋಡಿದರು.

"ಬಾಗಿಲಲ್ಲಿ ನಿಂತು ಮಾತಾಡೋದು ನಿಮ್ಮನೆ ಪದ್ಧತಿ ಅಂತ ಕಾಣುತ್ತೆ" ಎಂದರು. "ನಮ್ಮಲ್ಲಿ ಒಳಗೆ ಕೂತು ಮಾತಾಡ್ತೀವಿ. ಬನ್ನಿ."

ಊಟಕ್ಕೆ ಕೂತಾಗ ಅವರಿಬ್ಬರೂ ಬಸ್ಸಿನ ಗೇರು, ಬ್ರೇಕು, ಹಿಡಿತ, ಜಾರು ಇಂಥವನ್ನೇ ಮಾತಾಡಿದರಂತೆ. ಹಳೆಯ ದಿನದ ಸುದ್ದಿ ಯಾರೂ ಎತ್ತಲಿಲ್ಲ. ತಟ್ಟೆ ತೆಗೆಯುವಾಗ ಹೊಲಿಗೆಯಕ್ಕನಿಗೆ, ಇವರಿಬ್ಬರಿಗೆ ಇಪ್ಪತ್ತೆರಡು ವರ್ಷದ ಹಿಂದೆಯೇ ಬ್ರೇಕಿನ ವಿಷಯ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತಂತೆ.

ಅಲ್ಲಿಂದ ಮುಂದೆ ಎಲ್ಲ ಸರಿಹೋಯಿತು ಎನ್ನಲಾಗದು. ಕೆಲವು ತಿಂಗಳು ಆತ ಬರುತ್ತಿರಲಿಲ್ಲ. ಬಂದರೆ ಕೆಲವು ಸಲ ಇಬ್ಬರೂ ಯಾವುದೋ ಹಳೆಯ ಮಾತಿಗೆ ಮುಗ್ಗರಿಸುತ್ತಿದ್ದರು. ಸೊಂಟದ ಕೀಲಿನ ಮಾತನ್ನು ಆತ ಮತ್ತೆ ಎತ್ತಲಿಲ್ಲ. ಒಮ್ಮೆ ಹೆಜ್ಜೆ ಮೇಡಂ ಅಪ್ಪನ ಷರಟಿನ ಕಾಲರು ತಿರುಗಿಸಿ ಹೊಲಿಸಲು ಆ ಓಣಿಗೆ ಹೋದಾಗ ಅಂಗಡಿಯಲ್ಲಿ ಎಂಜಿನಿಯರ್ ಗಿರಾಕಿಗಳ ಸ್ಟೂಲಿನ ಮೇಲೆ, ಕತ್ತರಿಸಿದ ಬಟ್ಟೆಗಳ ನಡುವೆ ಮೊಣಕಾಲು ಮಡಚಿಕೊಂಡು ಕೂತಿದ್ದ. ಹೊಲಿಗೆಯಕ್ಕ ಮೆಷಿನ್ನಿನಿಂದ ತಲೆಯೆತ್ತದೆ ಆತನನ್ನು ಎದುರು ಅಂಗಡಿಗೆ ನೂಲಿಗೆ ಅಟ್ಟಿದಳು. ಆತ ತಂದ ಬಣ್ಣ ಹೊಂದಲಿಲ್ಲ.

"ಇದು ಹಸಿರಾ? ಬಟ್ಟೆ ಕೈಯಲ್ಲೇ ಇತ್ತಲ್ಲ, ಪಕ್ಕದಲ್ಲಿ ಇಟ್ಟು ನೋಡೋಕೆ ಏನಾಗಿತ್ತು? ಹೋಗು, ಬದಲಾಯಿಸ್ಕೊ."

ಆತ ಮತ್ತೆ ಹೋದ. ಎರಡನೆಯದೂ ಆಗಲಿಲ್ಲ. ಬಟ್ಟೆಯ ಚೂರನ್ನು ಬೆಳಕಿಗೆ ಹಿಡಿದು ನೋಡುತ್ತ ಆತ ಮೂರನೆಯ ಸಲ ರಸ್ತೆ ದಾಟುತ್ತಿದ್ದಾಗ ಹೊಲಿಗೆಯಕ್ಕ ಕಾಲರಿಗೆ ಸೂಜಿ ಚುಚ್ಚಿ, ಶುಕ್ರವಾರ ಬನ್ನಿ ಎಂದಳು.